ಡೀಪ್ ಫ್ರೀಜರ್‌ನ ಬಿಸಿ ಮೈ

ಐಸ್‌ಕ್ರೀಂ ಅಂಗಡಿಗೆ ಹೋದಾಗ ಗಾಜಿನ ಮುಚ್ಚಳದ ಡೀಪ್ ಫ್ರೀಜರ್‌ನ ಪಕ್ಕದ ತಗಡನ್ನು ಒಮ್ಮೆ ಮುಟ್ಟಿ ನೋಡಿ. ಬಹಳಷ್ಟು ಫ್ರೀಜರ್‌ಗಳಲ್ಲಿ ಅದು ಬೆಚ್ಚಗಿರುತ್ತದೆ. ಏಪ್ರಿಲ್ ತಿಂಗಳ ಚಳ್ಳಕೆರೆಯಲ್ಲಾದರೆ ಕೈ ತೆಗೆದುಬಿಡುವಷ್ಟು ಬಿಸಿ. ಹೊಸದಾಗಿ ಫ್ರೀಜರ್ ತಂದಿಟ್ಟವರು ಮೊದಲ ವಾರದಲ್ಲೇ ಕಂಪನಿಗೆ ಫೋನು ಮಾಡಿ ‘ನಿಮ್ ಮೆಷಿನ್ನು ಸುಡ್ತೈತೆ’ ಎಂದು ದೂರುವುದುಂಟು. ಮೆಷಿನ್ನಿಗೆ ಏನೂ ಆಗಿರುವುದಿಲ್ಲ. ಆ ತಗಡಿನ ಒಳಮೈಗೆ ಅಂಟಿಸಿದಂತೆ ಸಣ್ಣ ಕೊಳವೆಯೊಂದು ಸುತ್ತು ಹಾಕಿಕೊಂಡು ಹೋಗಿರುತ್ತದೆ. ಒಳಗಿನ ಐಸ್‌ಕ್ರೀಮಿನಿಂದ ಕಿತ್ತು ತಂದ ಬಿಸಿಯನ್ನು ಹೊರಗಿನ ಗಾಳಿಗೆ ದಾಟಿಸುವುದೇ ಅದರ ಕೆಲಸ. ಕೆಲವು ಮಾದರಿಗಳಲ್ಲಿ ಇದೇ ಕೊಳವೆ ತಗಡಿನ ಹಿಂದಿರದೆ, ಕೆಳಮೂಲೆಯ ಜಾಲರಿಯೊಳಗೆ ಫ್ಯಾನಿನ ಮುಂದೆ ಇರುತ್ತದೆ. ಮೆಕ್ಯಾನಿಕ್‌ಗಳು ಕಾಯಿಲ್ ಎನ್ನುತ್ತಾರೆ, ಪುಸ್ತಕದವರು ಕಂಡೆನ್ಸರ್ ಎನ್ನುತ್ತಾರೆ.

ಫ್ರೀಜರ್ ತಂಪನ್ನು ಹುಟ್ಟಿಸುವ ಯಂತ್ರ ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ತಂಪನ್ನು ಯಾವ ಯಂತ್ರವೂ ಹುಟ್ಟಿಸಲಾರದು. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವುದಷ್ಟೇ ಸಾಧ್ಯ. ಹಾಗಾಗಿ ಫ್ರೀಜರ್‌ನ ಆಯುಸ್ಸು ತೀರ್ಮಾನವಾಗುವುದು ಹೊರಗಿನ ಗಾಳಿ ಆ ಬಿಸಿಯನ್ನು ಎಷ್ಟು ಸಲೀಸಾಗಿ ತೆಗೆದುಕೊಳ್ಳುತ್ತದೆ ಎಂಬುದರ ಮೇಲೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ ಆ ಗಾಳಿಯ ಕೈ ಬಲು ಬಿಗಿ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಸೀಮೆ ಇದು. ಶೇಂಗಾ ಎಣ್ಣೆ ಮಿಲ್ಲುಗಳ, ಕಂಬಳಿಯ ಊರು ಚಳ್ಳಕೆರೆ. ರೇಷ್ಮೆ ಸೀರೆಯ ಮಗ್ಗಗಳ, ಅಶೋಕನ ಶಾಸನಗಳಿರುವ ಬ್ರಹ್ಮಗಿರಿ-ಸಿದ್ದಾಪುರದ ಮಗ್ಗುಲಿನ ಊರು ಮೊಳಕಾಲ್ಮೂರು. ಎರಡರಲ್ಲೂ ಬೇಸಿಗೆಯ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಐಸ್‌ಕ್ರೀಂ ಇಡಬೇಕಾದ್ದು ಮೈನಸ್ 18 ಡಿಗ್ರಿಯಲ್ಲಿ. ನಡುವಿನ ಅಂತರ 58 ಡಿಗ್ರಿ. ಹೊರಗೆ 25 ಡಿಗ್ರಿ ಇರುವ ಊರಿನಲ್ಲಿ ಈ ಅಂತರ 43 ಮಾತ್ರ. ಗೋಡೆಯ ಮೂಲಕ ಒಳನುಗ್ಗುವ ಬಿಸಿ ಅಂತರಕ್ಕೆ ತಕ್ಕ ಹಾಗೆ ಏರುವುದರಿಂದ, ಅದೇ ಫ್ರೀಜರ್ ಇಲ್ಲಿ ನೂರಕ್ಕೆ ಮೂವತ್ತೈದರಷ್ಟು ಹೆಚ್ಚಿನ ಹೊರೆ ಹೊರುತ್ತದೆ.

ಒಳಗೆ ನಡೆಯುವುದೇನು? ಕೊಳವೆಯಲ್ಲಿ ಸುಲಭವಾಗಿ ಕುದಿಯುವ ಒಂದು ದ್ರವ ಸುತ್ತುತ್ತಿರುತ್ತದೆ. ಈಚಿನ ಫ್ರೀಜರ್‌ಗಳ ಹಿಂದಿನ ತಗಡಿನ ಫಲಕದಲ್ಲಿ ‘ಆರ್-290’ ಎಂದು ಬರೆದಿದ್ದರೆ ಅದು ಪ್ರೊಪೇನ್; ಅಡುಗೆಮನೆಯ ಸಿಲಿಂಡರಿನಲ್ಲಿ ಬ್ಯೂಟೇನ್ ಜೊತೆಗೆ ಇರುವ ಅದೇ ಅನಿಲ. ಮಾಮೂಲು ಒತ್ತಡದಲ್ಲಿ ಮೈನಸ್ 42 ಡಿಗ್ರಿಗೇ ಅದು ಕುದಿಯುತ್ತದೆ. ಕುದಿಯಲು ಬೇಕಾದ ಬಿಸಿಯನ್ನು ಐಸ್‌ಕ್ರೀಮಿನಿಂದ ಕಸಿಯುತ್ತದೆ. ಕಂಪ್ರೆಸರ್ ಆ ಆವಿಯನ್ನು ಹೀರಿ ಒತ್ತಿದಾಗ ಅದು ಹೊರಗಿನ ಗಾಳಿಗಿಂತ ಬಿಸಿಯಾಗುತ್ತದೆ, ಕಾಯಿಲ್‌ನಲ್ಲಿ ಬಿಸಿ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಆಮೇಲೆ ಕೂದಲೆಳೆಯಷ್ಟು ಸಣ್ಣ ತೂತಿನ ತಾಮ್ರದ ಕೊಳವೆ ದಾಟಿ, ಒತ್ತಡ ಕಳೆದುಕೊಂಡು, ಪುನಃ ಕುದಿಯಲು ಹೋಗುತ್ತದೆ. ಜೇಕಬ್ ಪರ್ಕಿನ್ಸ್ 1834ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ ಯಂತ್ರವೂ ಹೀಗೇ ಇತ್ತು, ಅದರಲ್ಲಿ ಸುತ್ತುತ್ತಿದ್ದುದು ಈಥರ್. ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ಬಾಸ್ಟನ್‌ನಿಂದ ಕೊಳದ ಮಂಜುಗಡ್ಡೆ ಹೇರಿಕೊಂಡು ಹಡಗೊಂದು ಕಲ್ಕತ್ತೆಗೆ ಬಂದಿತ್ತು.

ಹೊರಗಿನ ಗಾಳಿ ಎಷ್ಟು ಬಿಸಿಯೋ ಕಾಯಿಲ್ ಅದಕ್ಕಿಂತ ಬಿಸಿಯಾಗಲೇಬೇಕು, ಇಲ್ಲದಿದ್ದರೆ ಬಿಸಿ ಆಚೆ ಹರಿಯದು. ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿ ಹಾಕಿಕೊಟ್ಟ ದಾರಿಯಲ್ಲಿ ಲೆಕ್ಕ ಮಾಡಿದರೆ, ಒಳಗಿನ ಕೊಳವೆ ಮೈನಸ್ 25, ಕಾಯಿಲ್ 45 ಡಿಗ್ರಿ ಇದ್ದಾಗ ಒಂದು ಯೂನಿಟ್ ಕರೆಂಟಿಗೆ ಹೆಚ್ಚೆಂದರೆ ಮೂರೂವರೆ ಯೂನಿಟ್ ಬಿಸಿಯನ್ನು ಎತ್ತಿಹಾಕಬಹುದು. ಕಾಯಿಲ್ 60 ಡಿಗ್ರಿಗೆ ಏರಿದರೆ ಅದು 2.9ಕ್ಕೆ ಇಳಿಯುತ್ತದೆ. ನಿಜವಾದ ಯಂತ್ರಗಳ ಸಾಧನೆ ಇದಕ್ಕಿಂತ ತುಂಬ ಕಡಿಮೆ, ಆದರೆ ಇಳಿಯುವ ರೀತಿ ಇದೇ. ಹೊರೆ ಹೆಚ್ಚಾದ ಹೊತ್ತಿಗೇ ಶಕ್ತಿ ಕುಂದುತ್ತದೆ. ಹೀಗೆ ಎರಡೂ ಕಡೆಯಿಂದ ಪೆಟ್ಟು ತಿನ್ನುವ ಯಂತ್ರಕ್ಕೆ ಅಂಗಡಿಯವರು ಕೈಯಾರೆ ಮೂರನೆಯ ಪೆಟ್ಟು ಕೊಡುವುದನ್ನಾದರೂ ತಪ್ಪಿಸಬಹುದು.

ಆ ಮೂರನೆಯ ಪೆಟ್ಟು ಹೆಚ್ಚಾಗಿ ಬೀಳುವುದು ಫ್ರೀಜರ್ ಇಡುವ ದಿನವೇ. ಗಿರಾಕಿಗೆ ಕಾಣಲಿ ಎಂದು ಅಂಗಡಿಯ ಬಾಗಿಲಿಗೆ, ಪಡುವಣ ಬಿಸಿಲು ನೇರ ಬೀಳುವ ಜಾಗಕ್ಕೆ ನೂಕುತ್ತಾರೆ. ಪಕ್ಕದಲ್ಲಿ ಮಿರ್ಚಿ ಬಜ್ಜಿಯ ಒಲೆ. ಇನ್ನೊಂದು ಪಕ್ಕಕ್ಕೆ ಒತ್ತಿಕೊಂಡು ಅಕ್ಕಿ ಮೂಟೆ, ನೀರಿನ ಬಾಟಲಿಯ ಬಾಕ್ಸು. ಸುತ್ತ ಕನಿಷ್ಠ ಒಂದು ಗೇಣಷ್ಟಾದರೂ ಗಾಳಿಯಾಡುವ ಜಾಗ ಬೇಕೆಂದು ಫ್ರೀಜರ್ ಜೊತೆ ಬಂದ ಪುಸ್ತಕ ಹೇಳಿರುತ್ತದೆ. ಆ ಪುಸ್ತಕವನ್ನು ಬಿಲ್ಲಿನ ಜೊತೆ ಗಲ್ಲಾಪೆಟ್ಟಿಗೆಗೆ ಸೇರಿಸಿ ಮರೆತಿರುತ್ತಾರೆ. ಬಿಸಿಲು ಗಾಜಿನ ಮೂಲಕ ನೇರ ಒಳಗಿಳಿಯುತ್ತದೆ, ಅದನ್ನು ಗೋಡೆಯೊಳಗಿನ ಎಷ್ಟು ದಪ್ಪದ ಫೋಮೂ ತಡೆಯಲಾರದು. ಕೊಳ್ಳುವಾಗ ಕೇಳಬೇಕಾದ ಮಾತೊಂದಿದೆ: ಫ್ರೀಜರ್ ಎಷ್ಟು ಡಿಗ್ರಿ ಬಿಸಿಯ ಊರಿಗೆಂದು ತಯಾರಾಗಿದೆ? ಮನೆಬಳಕೆಯ ಮಾದರಿಗಳ ಫಲಕದಲ್ಲಿ ‘ಎನ್’ ಎಂದಿದ್ದರೆ ಅದಕ್ಕೆ 32 ಡಿಗ್ರಿಯೇ ಮಿತಿ, ‘ಎಸ್‌ಟಿ’ಗೆ 38, ‘ಟಿ’ಗೆ 43. ಅಂಗಡಿಯ ಡಿಸ್‌ಪ್ಲೇ ಮಾದರಿಗಳಲ್ಲಿ ಅಕ್ಷರದ ಬದಲು ಅಂಕಿ ಇರುತ್ತದೆ; 4 ಎಂದರೆ 30 ಡಿಗ್ರಿ, 5 ಎಂದರೆ 40. ಚಳ್ಳಕೆರೆಗೆ ‘ಟಿ’ ಅಥವಾ 5ಕ್ಕಿಂತ ಕಡಿಮೆಯದನ್ನು ತರುವುದು ದುಡ್ಡು ದಂಡ.

ಗಾಡಿಯಿಂದ ಇಳಿಸಿದ ಕೂಡಲೇ ಸ್ವಿಚ್ ಒತ್ತುವ ಆತುರವೂ ಬೇಡ. ಮಲಗಿಸಿ ತಂದಿದ್ದರೆ ಕಂಪ್ರೆಸರ್‌ನ ತಳದಲ್ಲಿರಬೇಕಾದ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ. ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟರೆ ಅದು ಜಾಗಕ್ಕೆ ಮರಳುತ್ತದೆ. ಆಮೇಲೆ ಒಂದು ರಾತ್ರಿ ಖಾಲಿಯಾಗಿ ಓಡಿಸಿ, ಥರ್ಮಾಮೀಟರ್ ಮೈನಸ್ 18 ತೋರಿಸಿದ ಮೇಲೆಯೇ ಸರಕು ತುಂಬಬೇಕು.

ಕರೆಂಟಿನ ವಿಷಯ ಇನ್ನೂ ಸೂಕ್ಷ್ಮ. ಸುತ್ತಲಿನ ಹೊಲಗಳ ಬೋರ್‌ವೆಲ್ ಪಂಪುಗಳು ಒಟ್ಟಿಗೆ ಚಾಲೂ ಆದ ಹೊತ್ತಿನಲ್ಲಿ ಊರಿನ ತುದಿಯ ಅಂಗಡಿಯಲ್ಲಿ 230 ಇರಬೇಕಾದ ವೋಲ್ಟೇಜು ಕುಸಿಯುತ್ತದೆ. ಬಲ್ಬು ಮಂಕಾದರೆ ಬಲ್ಬಿಗೇನೂ ಆಗದು. ಕಂಪ್ರೆಸರ್‌ನ ಮೋಟಾರು ಮಾತ್ರ ತಿರುಗಲಾರದೆ ನಿಂತಲ್ಲೇ ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಆಗ ಕೇಳಿಸುವ ‘ಟಕ್... ಟಕ್’ ಸದ್ದು ರಕ್ಷಣೆಯ ಸ್ವಿಚ್ಚು ಕಡಿದು ಕೂಡುವುದರದು. ಆ ಸದ್ದು ಕೇಳಿದರೆ ಪ್ಲಗ್ ತೆಗೆಯಿರಿ. ಕರೆಂಟು ಹೋಗಿ ಕ್ಷಣದಲ್ಲಿ ಮರಳಿದಾಗಲೂ ಹೀಗೇ ಆಗುತ್ತದೆ, ಏಕೆಂದರೆ ಕೊಳವೆಯ ಎರಡು ಬದಿಯ ಒತ್ತಡ ಸಮನಾಗಲು ಕೆಲವು ನಿಮಿಷ ಹಿಡಿಯುತ್ತದೆ. ಹೀಗಾಗಿ ಸ್ಟೆಬಿಲೈಸರ್ ಕೊಳ್ಳುವಾಗ ಮೂರು ನಿಮಿಷ ತಡಮಾಡಿ ಕರೆಂಟು ಬಿಡುವಂಥದ್ದೇ ಇರಲಿ. ಪ್ರತ್ಯೇಕ 16 ಆಂಪಿಯರ್ ಪಾಯಿಂಟ್ ಹಾಕಿಸಿ. ಮೊಬೈಲ್ ಚಾರ್ಜರಿಗೆ ತಂದ ಎಕ್ಸ್‌ಟೆನ್ಷನ್ ಬೋರ್ಡು ಈ ಕೆಲಸಕ್ಕಲ್ಲ. ಒಣ ಸೀಮೆಯಲ್ಲಿ ಅರ್ಥಿಂಗ್ ಕೂಡ ಬೇಸಿಗೆಯಲ್ಲಿ ಸತ್ತುಹೋಗುತ್ತದೆ: ಒಣಗಿದ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ. ಉಪ್ಪು-ಇದ್ದಿಲು ತುಂಬಿದ ಗುಂಡಿಗೆ ಆಗಾಗ ನೀರು ಹಾಕುತ್ತಿರಬೇಕು. ಬರಿಗಾಲಲ್ಲಿ ಬಂದು ತಗಡಿನ ಮೇಲೆ ಕೈಯಿಟ್ಟು ಗಾಜಿನೊಳಗೆ ಇಣುಕುವವರು ಮಕ್ಕಳೇ ಎಂಬುದು ನೆನಪಿರಲಿ.

ಇನ್ನು ‘ಗ್ಯಾಸ್ ಹೋಗಿದೆ’ ಎಂಬ ಮಾತು. ತಂಪು ಕಡಿಮೆಯಾಯಿತೆಂದರೆ ಕೆಲವು ಮೆಕ್ಯಾನಿಕ್‌ಗಳ ಬಾಯಲ್ಲಿ ಬರುವ ಮೊದಲ ರೋಗನಿರ್ಣಯ ಇದು. ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವಂಥದ್ದಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯಲ್ಲಿ ಅದು ವರ್ಷಗಟ್ಟಲೆ ಇದ್ದಷ್ಟೇ ಇರುತ್ತದೆ. ನಿಜವಾಗಿಯೂ ಹೋಗಿದೆಯೆಂದರೆ ಎಲ್ಲೋ ತೂತಿದೆ. ತೂತು ಹುಡುಕದೆ ಗ್ಯಾಸು ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಬಿಲ್ಲು. ನನ್ನ ಅನುಭವದಲ್ಲಿ ತಂಪು ಕಡಿಮೆಯಾಗಲು ಗ್ಯಾಸಿಗಿಂತ ದೂಳೇ ಹೆಚ್ಚಿನ ಕಾರಣ. ಗಾಳಿಗೆ ಏಳುವ ಕೆಮ್ಮಣ್ಣು, ಶೇಂಗಾ ಸಿಪ್ಪೆಯ ಹೊಟ್ಟು, ಒಲೆಯ ಜಿಡ್ಡು ಸೇರಿ ಕಾಯಿಲ್‌ನ ರೆಕ್ಕೆಗಳ ನಡುವೆ ದಪ್ಪ ಪದರ ಕಟ್ಟುತ್ತದೆ. ಕಾಯಿಲ್ ಉಸಿರುಗಟ್ಟಿ 60 ಡಿಗ್ರಿ ದಾಟುವುದು ಆಗಲೇ. ಪ್ಲಗ್ ತೆಗೆದು, ಜಾಲರಿ ಬಿಚ್ಚಿ, ಮೆತ್ತನೆಯ ಬ್ರಷ್ಷಿನಿಂದ ಗುಡಿಸಿದರೆ ಕಾಲು ಗಂಟೆಯ ಕೆಲಸ.

ಆರ್-290 ಇರುವ ಫ್ರೀಜರನ್ನು ಗೊತ್ತಿಲ್ಲದ ಕೈಗೆ ಕೊಡಬೇಡಿ. ಒಳಗಿರುವುದು ಸಾಮಾನ್ಯವಾಗಿ 150 ಗ್ರಾಮಿನೊಳಗೇ ಆದರೂ ಅದು ಹೊತ್ತಿಕೊಳ್ಳುವ ಅನಿಲ. ಗ್ಯಾಸು ಪೂರ್ತಿ ಹೊರಹಾಕದೆ ಬೆಸುಗೆಯ ಬೆಂಕಿ ತಾಗಿಸುವುದು ಪ್ರಾಣಕ್ಕೇ ಕುತ್ತು. ಅದರ ಬದಲು ಹಳೆಯ ಆರ್-404ಎ ಗ್ಯಾಸೇ ಇರಲಿ ಎನ್ನುವವರಿದ್ದಾರೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದರ ಒಂದು ಕಿಲೋ ಇಂಗಾಲದ ಡೈಆಕ್ಸೈಡಿನ ಸುಮಾರು 3,900 ಕಿಲೋಗೆ ಸಮ. ಅಂಥವನ್ನು ಹಂತಹಂತವಾಗಿ ಇಳಿಸುವ 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ.

ಒಳಗಿನ ಸರಕಿನ ಕಥೆಯೂ ಸ್ವಲ್ಪ ಗೊತ್ತಿರಬೇಕು. ಐಸ್‌ಕ್ರೀಂ ಎಂದರೆ ಕಣ್ಣಿಗೆ ಕಾಣದ ಹಿಮಕಣ, ಗಾಳಿಗುಳ್ಳೆ, ಕೊಬ್ಬಿನ ಹನಿ ಮತ್ತು ಹೆಪ್ಪುಗಟ್ಟದೆ ಉಳಿದ ಸಕ್ಕರೆಪಾಕ. ಮೈನಸ್ 18ರಲ್ಲೂ ಅದರ ನೀರೆಲ್ಲ ಗಟ್ಟಿಯಾಗಿರುವುದಿಲ್ಲ. ಚಮಚ ಇಳಿಯುವುದು ಅದರಿಂದಲೇ. ಒಳ್ಳೆಯ ಐಸ್‌ಕ್ರೀಮಿನಲ್ಲಿ ಹಿಮಕಣಗಳು ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಭಾಗಕ್ಕಿಂತ ಚಿಕ್ಕವು. ಉಷ್ಣಾಂಶ ಏರಿ ಇಳಿದಾಗಲೆಲ್ಲ ಸಣ್ಣ ಕಣಗಳು ಕರಗುತ್ತವೆ, ಆ ನೀರು ದೊಡ್ಡ ಕಣಗಳ ಮೈಗೆ ಅಂಟಿ ಮತ್ತೆ ಹೆಪ್ಪುಗಟ್ಟುತ್ತದೆ. ಹಲ್ಲಿಗೆ ಕರಕರ ಎನ್ನುವ ಐಸ್‌ಕ್ರೀಮಿನಲ್ಲಿ ಆಗಿರುವುದು ಇದೇ. ಮತ್ತೆ ಎಷ್ಟು ತಂಪು ಮಾಡಿದರೂ ಕಣಗಳು ಮೊದಲಿನಂತಾಗವು.

ಈ ಏರಿಳಿತಕ್ಕೆ ದೊಡ್ಡ ಕಾರಣ ನೀರಿನ ಬಾಟಲಿ. ಇಂಥ ಫ್ರೀಜರ್ ಆಗಲೇ ಗಟ್ಟಿಯಾದದ್ದನ್ನು ಹಾಗೇ ಇಟ್ಟುಕೊಳ್ಳಲು ಇರುವುದು. 35 ಡಿಗ್ರಿಯ ಒಂದು ಲೀಟರ್ ನೀರನ್ನು ಮೈನಸ್ 18ರ ಗಡ್ಡೆ ಮಾಡಲು ಸುಮಾರು 520 ಕಿಲೋಜೂಲ್ ಬಿಸಿ ತೆಗೆಯಬೇಕು. ಸೆಕೆಂಡಿಗೆ 250 ಜೂಲ್ ಎತ್ತಿಹಾಕಬಲ್ಲ ಯಂತ್ರ ಬೇರೇನೂ ಮಾಡದೆ ಕುಳಿತರೂ ಒಂದು ಬಾಟಲಿಗೆ 35 ನಿಮಿಷ. ಮದುವೆ ಮನೆಯವರು ಕೇಳಿದರೆಂದು ಹತ್ತು ಬಾಟಲಿ ಇಟ್ಟರೆ ಆರು ಗಂಟೆ ಕಾಲ ಐಸ್‌ಕ್ರೀಂ ದಿಕ್ಕಿಲ್ಲದ್ದು. ಆಗ ಥರ್ಮೋಸ್ಟಾಟಿನ ಬಿರಡೆಯನ್ನು ಕೊನೆಯವರೆಗೆ ತಿರುಗಿಸುವವರಿದ್ದಾರೆ. ಅದರಿಂದ ಯಂತ್ರದ ವೇಗ ಹೆಚ್ಚುವುದಿಲ್ಲ, ಎಷ್ಟು ತಂಪಿಗೆ ನಿಲ್ಲಬೇಕೆಂಬ ಗುರುತು ಮಾತ್ರ ಕೆಳಗೆ ಸರಿಯುತ್ತದೆ. ಒಳಗೋಡೆಯ ಮೇಲಿನ ಕೆಂಪು ಗೆರೆಯನ್ನು ಮೀರಿ ಸರಕು ತುಂಬುವುದೂ ಅಷ್ಟೇ ತಪ್ಪು. ತಂಪು ಗಾಳಿ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ; ಮೇಲಿನ ಮುಚ್ಚಳ ಸರಿಸಿದರೂ ಸುರಿದು ಹೋಗದಿರಲೆಂದೇ ಈ ಪೆಟ್ಟಿಗೆಯ ಆಕಾರ. ಗೆರೆಯ ಮೇಲೆ ಆ ತಂಪಿನ ಕೊಳವಿಲ್ಲ.

ಐಸ್‌ಕ್ರೀಮಿಗೆ ಹೆಸರಾದ ಮಂಗಳೂರಿನ ಅಂಗಡಿಯವರಿಗೆ ಈ ಸೀಮೆಯವರ ಮೇಲೆ ಒಂದು ಕಾರಣಕ್ಕೆ ಹೊಟ್ಟೆಕಿಚ್ಚಾಗಬೇಕು. ಒಣಗಾಳಿಯಿಂದಾಗಿ ಇಲ್ಲಿ ಗಾಜು ಬೆವರುವುದು ಕಡಿಮೆ, ಒಳಗೋಡೆಗೆ ಹಿಮ ಕಟ್ಟುವುದೂ ನಿಧಾನ. ಹಾಗೆಂದು ಕಟ್ಟದೇ ಇರುವುದಿಲ್ಲ. ಅರ್ಧ ಸೆಂಟಿಮೀಟರ್ ದಾಟಿದರೆ ಹಿಮವೇ ತಡೆಗೋಡೆಯಾಗುತ್ತದೆ. ಸರಕನ್ನು ಬೇರೆ ಫ್ರೀಜರಿಗೆ ಸಾಗಿಸಿ, ಪ್ಲಗ್ ತೆಗೆದು, ಮುಚ್ಚಳ ತೆರೆದಿಟ್ಟು ತಾನಾಗಿ ಕರಗಲು ಬಿಡಿ. ಚಾಕು, ಸ್ಕ್ರೂಡ್ರೈವರ್ ಹಿಡಿದು ಕೆರೆಯಬೇಡಿ. ತೆಳುವಾದ ಒಳತಗಡಿನ ಹಿಂದೆಯೇ ಗ್ಯಾಸಿನ ಕೊಳವೆ ಇದೆ. ಚೆನ್ನಾಗಿದ್ದ ಎಷ್ಟೋ ಫ್ರೀಜರ್‌ಗಳು ಗುಜರಿಗೆ ಹೋಗಿರುವುದು ಹೀಗೆ ಕೆರೆದೇ. ಮುಚ್ಚಳದ ರಬ್ಬರಿರುವ ಮಾದರಿಯಾದರೆ ನೋಟೊಂದನ್ನು ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ತಡೆಯಿಲ್ಲದೆ ಬಂದರೆ ರಬ್ಬರ್ ಬದಲಿಸುವ ಕಾಲ ಬಂದಿದೆ.

ಕರೆಂಟು ಹೋದಾಗ ಏನು ಮಾಡಬೇಕು? ಮುಚ್ಚಳ ತೆಗೆಯಬಾರದು, ಅಷ್ಟೇ. ತುಂಬಿದ ಫ್ರೀಜರ್ ಖಾಲಿಯದಕ್ಕಿಂತ ಹೆಚ್ಚು ಹೊತ್ತು ತಡೆಯುತ್ತದೆ. ಚಳ್ಳಕೆರೆಯಲ್ಲಿ ಇದಕ್ಕೆ ಮನೆಯಲ್ಲೇ ಒಂದು ಸಾಧನವಿದೆ: ಕಂಬಳಿ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಕುರಿ ಕಾಯುವವನ ಮೈಬಿಸಿಯನ್ನು ಹೊರಗೆ ಬಿಡದಂತೆ, ಊರಿನ ಬಿಸಿಯನ್ನು ಫ್ರೀಜರಿನೊಳಗೂ ಬಿಡುವುದಿಲ್ಲ. ಕರೆಂಟಿಲ್ಲದಾಗ ಪೂರ್ತಿ ಹೊದಿಸಿ. ಕರೆಂಟು ಬಂದ ಕೂಡಲೇ ಪಕ್ಕಗಳಿಂದ ಎತ್ತಿಬಿಡಿ, ಇಲ್ಲದಿದ್ದರೆ ಹೊರಹೋಗಬೇಕಾದ ಬಿಸಿಯೂ ಅಲ್ಲೇ ಸಿಕ್ಕಿಬೀಳುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಗಾಜಿನ ಮೇಲಷ್ಟೇ ಮಡಿಸಿ ಹಾಸಿದರೆ ಒಳ್ಳೆಯದೇ.

ಕರೆಂಟೇ ಇಲ್ಲದೆ ದಿನವಿಡೀ ತಿರುಗುವ ತಳ್ಳುಗಾಡಿಯವರದು ಬೇರೆ ಉಪಾಯ. ಅವರ ಪೆಟ್ಟಿಗೆಯ ಗೋಡೆಗಳಲ್ಲಿ ಉಪ್ಪುನೀರು ತುಂಬಿದ ಫಲಕಗಳಿರುತ್ತವೆ. ನೂರಕ್ಕೆ 23ರಷ್ಟು ಅಡುಗೆ ಉಪ್ಪು ಕರಗಿದ ನೀರು ಮೈನಸ್ 21 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಪೂರ್ತಿ ಕರಗುವವರೆಗೂ ಅಲ್ಲೇ ನಿಲ್ಲುತ್ತದೆ. ಫಲಕಗಳಲ್ಲಿರುವ ಲವಣ ಬೇರೆಯಿರಬಹುದು, ತತ್ವ ಇದೇ. ರಾತ್ರಿ ಪ್ಲಗ್ ಹಾಕಿ ಹೆಪ್ಪುಗಟ್ಟಿಸಿಕೊಂಡು ಬೆಳಿಗ್ಗೆ ಹೊರಡುತ್ತಾರೆ.

ಕೊಳ್ಳುವವರಿಗೂ ಎರಡು ಮಾತು. ಕಪ್ಪಿನ ಮೇಲೆ ಹಿಮದ ಸೂಜಿಗಳಿದ್ದರೆ, ಐಸ್‌ಕ್ರೀಂ ಅಂಚು ಬಿಟ್ಟು ಕುಗ್ಗಿದ್ದರೆ ಅದು ಕರಗಿ ಮತ್ತೆ ಗಟ್ಟಿಯಾದದ್ದು, ಹಿಂದಿರುಗಿಸಿ. ಲೇಬಲ್ಲನ್ನೂ ಓದಿ. ಬರಿಯ ಐಸ್‌ಕ್ರೀಂ ಎಂದು ಕರೆಸಿಕೊಳ್ಳಲು ಕನಿಷ್ಠ ಶೇಕಡಾ 10 ಹಾಲಿನ ಕೊಬ್ಬು ಇರಬೇಕೆಂಬುದು ನಮ್ಮ ಆಹಾರ ಸುರಕ್ಷಾ ನಿಯಮ. ಎಣ್ಣೆಯ ಕೊಬ್ಬು ಬಳಸಿದ್ದಕ್ಕೆ ‘ಫ್ರೋಜನ್ ಡೆಸರ್ಟ್’ ಎಂದೇ ಬರೆಯಬೇಕು. ಎಣ್ಣೆಯ ಊರಿನವರಿಗೆ ಎಣ್ಣೆಯ ಮೇಲೇನೂ ಸಿಟ್ಟಿರಲಾರದು, ಆದರೆ ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆಂದು ತಿಳಿದಿರಲಿ.

ಫಾಲ್ಗುಣದಲ್ಲಿ ಇದೇ ಸೀಮೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ತೇರು ಬರುತ್ತದೆ. ಬಿಸಿಲು ಬಲಿಯುವುದೂ, ಐಸ್‌ಕ್ರೀಂ ವ್ಯಾಪಾರ ಏರುವುದೂ ಆಗಲೇ. ಮೆಕ್ಯಾನಿಕ್‌ಗಳು ಕೈಗೆ ಸಿಗದಿರುವುದೂ ಆಗಲೇ. ಅಂಗಡಿಯವರು ಕಾಯಿಲ್ ಗುಡಿಸುವ, ಅರ್ಥಿಂಗ್ ಗುಂಡಿಗೆ ನೀರು ಹಾಕುವ, ರಬ್ಬರ್ ನೋಡುವ ಕೆಲಸವನ್ನು ಶಿವರಾತ್ರಿಯೊಳಗೆ ಮುಗಿಸಿಕೊಳ್ಳಲಿ.