ಟ್ರಂಪೆಟ್ ಮೌತ್‌ಪೀಸ್: ಸ್ವರ ಏರಿಸುವುದು ಹಿತ್ತಾಳೆಯಲ್ಲ, ತುಟಿ

“ಸಣ್ಣ ಮೌತ್‌ಪೀಸ್ ಹಾಕ್ರಿ, ಮ್ಯಾಲಿನ ಸ್ವರ ತಾವ ಬರ್ತಾವ.” ಮುಳವಾಡ, ಕೊಲ್ಹಾರ, ಬಸವನ ಬಾಗೇವಾಡಿ ಕಡೆ ಇರಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆ ಇರಲಿ, ಬ್ಯಾಂಡ್ ಕಂಪನಿಗೆ ಹೊಸದಾಗಿ ಸೇರಿ ಟ್ರಂಪೆಟ್ ಹಿಡಿದ ಹುಡುಗನಿಗೆ ಸಿಗುವ ಸಲಹೆ ಹೆಚ್ಚುಕಡಿಮೆ ಇದೇ. ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಅವರಿಗೂ ಹಿರಿಯರೊಬ್ಬರು ಹೀಗೇ ಹೇಳಿರುತ್ತಾರೆ. ಆದರೆ ಈ ಮಾತನ್ನು ನಂಬಿ ಹುಡುಗ ಮದುವೆ ಹಂಗಾಮಿನ ದುಡಿಮೆಯನ್ನು ಒಂದಾದ ಮೇಲೊಂದು ಮೌತ್‌ಪೀಸಿಗೆ ಸುರಿಯುತ್ತಾನೆ. ಸ್ವರ ಏರುವುದಿಲ್ಲ, ತುಟಿ ಮಾತ್ರ ಬಾತುಕೊಳ್ಳುತ್ತದೆ. ಕೇಳೋಣವೆಂದರೆ ಹತ್ತಿರದಲ್ಲಿ ಕಲಿಸುವ ಗುರು ಇಲ್ಲ. ಅದಕ್ಕೇ ಈ ನಂಬಿಕೆಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಅಗತ್ಯ.

ಗೊಂದಲದ ಬೇರು ನಮ್ಮ ಸನಾದಿಯಲ್ಲಿದೆ ಎಂದು ನನಗೆ ಅನಿಸುತ್ತದೆ. ಈ ಭಾಗದ ಭಜಂತ್ರಿ ಮನೆತನಗಳು ತಲೆಮಾರುಗಳಿಂದ ಊದಿಕೊಂಡು ಬಂದ ವಾದ್ಯವದು. 1977ರ ‘ಸನಾದಿ ಅಪ್ಪಣ್ಣ’ ಚಿತ್ರಕ್ಕೆ ಉಸ್ತಾದ್ ಬಿಸ್ಮಿಲ್ಲಾ ಖಾನರು ಶಹನಾಯಿ ನುಡಿಸಿದ ಮೇಲಂತೂ ಕರ್ನಾಟಕದ ಮನೆಮನೆಗೂ ಅದರ ದನಿ ಪರಿಚಯವಾಯಿತು. ಸನಾದಿಯ ತುದಿಯಲ್ಲಿ ದಂಟಿನಿಂದ ಮಾಡಿದ ಎರಡೆಸಳಿನ ನಾಲಗೆ ಇರುತ್ತದೆ. ಉಸಿರು ತಾಗಿದಾಗ ಅದುರುವುದು ಆ ಎಸಳು. ಎಸಳು ಬದಲಾದರೆ ವಾದ್ಯದ ದನಿಯೇ ಬದಲಾಗುತ್ತದೆ. ಆ ಅನುಭವದಲ್ಲಿ ಬೆಳೆದ ಕಿವಿ ಟ್ರಂಪೆಟ್ಟಿನ ತುದಿಯ ತುಂಡಾದ ಮೌತ್‌ಪೀಸನ್ನೂ ಹಾಗೆಯೇ ಕಾಣುವುದು ಸಹಜ. ಆದರೆ ಟ್ರಂಪೆಟ್ಟಿನಲ್ಲಿ ಅದುರುವ ಎಸಳೇ ಇಲ್ಲ. ಅಲ್ಲಿ ಅದುರುವುದು ಊದುವವನ ತುಟಿ. ಈ ದೃಷ್ಟಿಯಿಂದ ಟ್ರಂಪೆಟ್ ಸನಾದಿಯ ಬಳಗಕ್ಕಿಂತ ಕೊಂಬು, ಕಹಳೆಗಳ ಬಳಗಕ್ಕೆ ಸೇರಿದ್ದು. ವಿಜಯಪುರದ ಗೋಲಗುಮ್ಮಟದ ಮುಂದೆ ಈಗ ವಸ್ತುಸಂಗ್ರಹಾಲಯವಾಗಿರುವ ಕಟ್ಟಡ ಆದಿಲಶಾಹಿ ಕಾಲದ ನಗಾರಖಾನೆ. ನಗಾರಿ, ಕಹಳೆಗಳ ನೌಬತ್ತು ಮೊಳಗಲೆಂದೇ ಅಂಥ ಕಟ್ಟಡಗಳು ಎದ್ದವು. ತುಟಿ ಅದುರಿಸಿ ಲೋಹ ನುಡಿಸುವ ವಿದ್ಯೆ ಬ್ರಿಟಿಷರ ಬ್ಯಾಂಡಿನ ಜೊತೆ ಮೊದಲ ಬಾರಿಗೆ ಈ ನೆಲಕ್ಕೆ ಬಂದದ್ದಲ್ಲ.

ವಾದ್ಯಗಳನ್ನು ಶ್ರುತಿ ಮಾಡಲು ಬಳಸುವ 440 ಹರ್ಟ್ಸ್ ಸ್ವರ ಹೊರಡಬೇಕಾದರೆ ತುಟಿ ಸೆಕೆಂಡಿಗೆ 440 ಸಲ ತೆರೆದು ಮುಚ್ಚಬೇಕು. ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬೇಕೆಂದರೆ 880 ಸಲ. ಅಷ್ಟು ವೇಗವಾಗಿ ಅದುರಲು ತುಟಿಯ ಸುತ್ತಲಿನ ಸ್ನಾಯು ಬಿಗಿಯಾಗಿ, ಆದರೆ ಮರಗಟ್ಟದ ಹಾಗೆ ನಿಲ್ಲಬೇಕು. ಹೊಟ್ಟೆಯಿಂದ ಬರುವ ಉಸಿರು ಎಡೆಬಿಡದೆ ಹರಿಯಬೇಕು. ಈ ಎರಡೂ ಕೆಲಸ ಮೌತ್‌ಪೀಸಿನ ಕೈಯಲ್ಲಿಲ್ಲ.

ಹಾಗಾದರೆ ಅದರ ಕೆಲಸವೇನು? ಮೌತ್‌ಪೀಸನ್ನು ಕೈಯಲ್ಲಿ ಹಿಡಿದು ನೋಡಿ. ತುಟಿಗೆ ತಾಗುವ ದುಂಡನೆಯ ಅಂಚು, ಅದರೊಳಗೆ ಬಟ್ಟಲು, ಬಟ್ಟಲಿನ ತಳದಲ್ಲಿ ಕಿರಿದಾದ ಗಂಟಲು, ಅಲ್ಲಿಂದ ಮುಂದೆ ಮೆಲ್ಲಗೆ ಅಗಲವಾಗುತ್ತ ಹೋಗುವ ಹಿಂಗೊಳವೆ. ಮೌತ್‌ಪೀಸ್ ತಯಾರಿಸುವ ಬಾಕ್ ಕಂಪನಿಯ ಸಾಮಾನ್ಯ ಮಾದರಿಗಳಲ್ಲಿ ಗಂಟಲಿನ ಅಗಲ ಸುಮಾರು 3.66 ಮಿಲಿಮೀಟರ್. ಅಂಚಿನ ಮೇಲೆ ಅಂಗೈಯಿಂದ ಒಮ್ಮೆ ತಟ್ಟಿದರೆ ‘ಟಪ್’ ಎಂಬ ಸದ್ದಿನಲ್ಲಿ ಒಂದು ಸ್ವರ ಕೇಳಿಸುತ್ತದೆ. ಬಾಯಿ ಕಿರಿದಾದ ಗಡಿಗೆಯ ಅಂಚಿಗೆ ಊದಿದಾಗ ಹೊರಡುವ ಹೂಂಕಾರದ ಹಾಗೆ, ಅದು ಬಟ್ಟಲಿನ ಗಾತ್ರ ಮತ್ತು ಗಂಟಲಿನ ಅಳತೆ ಸೇರಿ ಹುಟ್ಟಿಸುವ ಸ್ವರ. ಬಟ್ಟಲು ಮೇಲಾಳವಾಗಿದ್ದರೆ, ಅಂದರೆ ಆಳ ಕಡಿಮೆಯಿದ್ದರೆ, ಆ ಸ್ವರ ಏರುತ್ತದೆ, ಆಳವಾಗಿದ್ದರೆ ಇಳಿಯುತ್ತದೆ. ಟ್ರಂಪೆಟ್ಟಿನ ನಾದದೊಳಗಿನ ಯಾವ ಮೇಲ್‌ಸ್ವರಗಳಿಗೆ ಒತ್ತಾಸೆ ಸಿಗಬೇಕೆಂಬುದನ್ನು ಇದು ತೀರ್ಮಾನಿಸುತ್ತದೆ. ಮೇಲಾಳದ ಬಟ್ಟಲಿನಿಂದ ದನಿ ಚುರುಕಾಗಿ, ಹೊಳಪಾಗಿ ಕೇಳುತ್ತದೆ. ಆಳದ ಬಟ್ಟಲಿನಿಂದ ತುಂಬಿಕೊಂಡು, ಕೊಂಚ ಮಬ್ಬಾಗಿ ಕೇಳುತ್ತದೆ. ಮೌತ್‌ಪೀಸ್ ದನಿಯ ಬಣ್ಣ ಬದಲಿಸುತ್ತದೆ, ತುಟಿಗೆ ಹಿತವನ್ನೋ ಹಿಂಸೆಯನ್ನೋ ಕೊಡುತ್ತದೆ. ಇಲ್ಲದ ಸ್ವರವನ್ನು ತಂದುಕೊಡುವುದಿಲ್ಲ.

ಸಣ್ಣ ಮೌತ್‌ಪೀಸ್ ಸ್ವರ ಏರಿಸುತ್ತದೆ ಎಂಬ ಮೊದಲ ನಂಬಿಕೆಯಲ್ಲಿ ಒಂದು ಎಳೆ ಸತ್ಯ ಇದ್ದೇ ಇದೆ. ಪಳಗಿದ ವಾದಕ ಮೇಲಾಳದ ಬಟ್ಟಲು ಹಾಕಿಕೊಂಡರೆ ತನಗೆ ಆಗಲೇ ಬರುವ ಮೇಲಿನ ಸ್ವರಗಳನ್ನು ಕಡಿಮೆ ಶ್ರಮದಲ್ಲಿ ಹೆಚ್ಚು ಹೊತ್ತು ಹಿಡಿಯಬಲ್ಲ. ಬರದ ಸ್ವರ ಮಾತ್ರ ಬರುವುದಿಲ್ಲ. ಕಲಿಯುವವನಿಗಂತೂ ಅದರಿಂದ ನಷ್ಟವೇ ಜಾಸ್ತಿ. ಕೆಳಗಿನ ಸ್ವರಗಳು ಬಡಕಲಾಗುತ್ತವೆ. ಊದಿ ಊದಿ ತುಟಿ ಕೊಂಚ ಉಬ್ಬಿದಾಗ ಅದು ಬಟ್ಟಲಿನ ಗೋಡೆಗೆ ತಗಲುತ್ತದೆ, ಅದುರುವುದು ನಿಂತು ದನಿ ಥಟ್ಟನೆ ಕಡಿಯುತ್ತದೆ. ವರನ ಮೆರವಣಿಗೆ ನಡುರಸ್ತೆಯಲ್ಲಿದ್ದಾಗ ಹೀಗಾದರೆ ಹುಡುಗ ತನ್ನ ಉಸಿರನ್ನೇ ಶಂಕಿಸುತ್ತಾನೆ, ಪಾಪ.

ಅಂಗಡಿಯಲ್ಲಿ ಹೆಚ್ಚು ಮೋಸ ಮಾಡುವುದು ನಂಬರು. ‘7ಸಿ ಅಂದ್ರ 7ಸಿ, ಯಾರ್ದಾದ್ರೇನು’ ಎಂಬ ಮಾತು ನಿಜವಲ್ಲ. ಈ ನಂಬರಿನ ಪದ್ಧತಿ ವಿನ್ಸೆಂಟ್ ಬಾಕ್ ಎಂಬ ಟ್ರಂಪೆಟ್ ವಾದಕರಿಂದ ಬಂತು. ಅವರು ಆಸ್ಟ್ರಿಯಾದಿಂದ ಅಮೆರಿಕಕ್ಕೆ ಹೋಗಿ, 1918ರಲ್ಲಿ ನ್ಯೂಯಾರ್ಕಿನಲ್ಲಿ ಮೌತ್‌ಪೀಸ್ ತಯಾರಿಸಲು ಶುರುಮಾಡಿದರು. ಅವರ ಪದ್ಧತಿಯಲ್ಲಿ ನಂಬರು ಸಣ್ಣದಾದಷ್ಟೂ ಅಂಚಿನ ಒಳ ಅಗಲ ದೊಡ್ಡದು. ಅಕ್ಷರದಲ್ಲಿ ಎ ಎಂದರೆ ಆಳ, ಮುಂದೆ ಹೋದಂತೆ ಆಳ ಕಡಿಮೆ. ಯಮಾಹಾ ಕಂಪನಿಯದು ಇದಕ್ಕೆ ಪೂರ್ತಿ ತಿರುವು. ಅಲ್ಲಿ ನಂಬರು ದೊಡ್ಡದಾದಷ್ಟೂ ಅಗಲ, ಎ ಎಂದರೆ ಮೇಲಾಳ. ಇದು ಗೊತ್ತಿಲ್ಲದೆ ಒಂದು ಕಂಪನಿಯ ನಂಬರು ಹಿಡಿದು ಇನ್ನೊಂದು ಕಂಪನಿಯ ಮಾಲು ಕೊಂಡವನಿಗೆ ಬೇಕಾದದ್ದರ ವಿರುದ್ಧವಾದದ್ದೇ ಸಿಗುತ್ತದೆ. ಒಂದೇ ಕಂಪನಿಯೊಳಗೂ ನಂಬರು ಎಲ್ಲವನ್ನೂ ಹೇಳುವುದಿಲ್ಲ. ಬಾಕ್ ಪಟ್ಟಿಯಲ್ಲಿ 7ಸಿಯ ಒಳ ಅಗಲ 16.20 ಮಿಲಿಮೀಟರ್, 3ಸಿಯದು 16.30. ನಡುವಿನ ವ್ಯತ್ಯಾಸ ಮಿಲಿಮೀಟರಿನ ಹತ್ತನೇ ಒಂದು ಭಾಗ ಅಷ್ಟೇ. ಆದರೂ ಬಾಯಿಗಿಟ್ಟಾಗ ಎರಡೂ ಬೇರೆಬೇರೆ ಎನ್ನಿಸುತ್ತವೆ. ಅಂಚಿನ ದುಂಡು, ಒಳ ಏಣಿನ ಚೂಪು, ಬಟ್ಟಲಿನ ರೂಪ ಬದಲಾಗಿರುವುದೇ ಅದಕ್ಕೆ ಕಾರಣ. 7ಸಿಯಿಂದ ದೊಡ್ಡದೆನಿಸುವ 1ಸಿಯವರೆಗೆ (17.00) ಹೋದರೂ ಅಂತರ ಒಂದು ಮಿಲಿಮೀಟರ್ ದಾಟುವುದಿಲ್ಲ. ತುಟಿ ಎಷ್ಟು ಸೂಕ್ಷ್ಮ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

“ದಪ್ಪ ತುಟಿಗಿ ದೊಡ್ಡ ಮೌತ್‌ಪೀಸ್ ಬೇಕ್ರಿ” ಎಂಬುದೂ ಅರೆಸತ್ಯ. ಕನ್ನಡಿಯಲ್ಲಿ ಕಾಣುವ ತುಟಿಯ ದಪ್ಪಕ್ಕಿಂತ ಅಂಚಿನೊಳಗೆ ಎಷ್ಟು ಭಾಗ ಸೇರಿ ಅದುರುತ್ತದೆ ಎನ್ನುವುದು ಮುಖ್ಯ. ತುಟಿಯ ಹಿಂದಿನ ಹಲ್ಲಿನ ಸಾಲು, ದವಡೆಯ ಜೋಡಣೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ತುಂಬ ದಪ್ಪ ತುಟಿಯವರು ಮಧ್ಯಮ ಅಳತೆಯಲ್ಲಿ ಚೆಂದ ನುಡಿಸಬಹುದು, ತೆಳು ತುಟಿಯವರಿಗೆ ಅಗಲದ್ದೇ ಹಿಡಿಸಬಹುದು. ಇಡುವ ಜಾಗದ ಬಗ್ಗೆಯೂ ಒಂದೇ ಸೂತ್ರವಿಲ್ಲ. ಫ್ರಾನ್ಸಿನ ಆರ್ಬಾನ್ 1864ರಲ್ಲಿ ಪ್ರಕಟವಾದ ಟ್ರಂಪೆಟ್ಟಿನಂಥದೇ ವಾದ್ಯವಾದ ಕಾರ್ನೆಟ್ಟಿನ ಕಲಿಕೆಯ ತಮ್ಮ ಪುಸ್ತಕದಲ್ಲಿ ಮೇಲ್ದುಟಿಗೆ ಮೂರನೇ ಒಂದು ಭಾಗ, ಕೆಳದುಟಿಗೆ ಮೂರನೇ ಎರಡು ಭಾಗ ಬರುವಂತೆ ಇಡಲು ಹೇಳಿದರು. ಇದಕ್ಕೆ ಉಲ್ಟಾ ಇಟ್ಟುಕೊಂಡು ದೊಡ್ಡ ಹೆಸರು ಮಾಡಿದವರೂ ಇದ್ದಾರೆ.

ಇನ್ನೊಂದು ನಂಬಿಕೆ ಬರೀ ದುಡ್ಡಿನ ನಷ್ಟಕ್ಕೆ ನಿಲ್ಲುವುದಿಲ್ಲ, ಮೈಗೇ ಕುತ್ತು ತರುತ್ತದೆ: “ಒತ್ತಿ ಹಿಡಿ, ಸ್ವರ ಏರ್ತದ.” ಒತ್ತಿದಾಗ ತುಟಿ ಬಿಗಿಯಾಗುವುದರಿಂದ ಆ ಗಳಿಗೆಗೆ ಸ್ವರ ಏರುವುದು ನಿಜ. ಅದೇ ಕ್ಷಣ ಅಂಚಿನ ಕೆಳಗೆ ರಕ್ತದ ಓಡಾಟವೂ ತಗ್ಗುತ್ತದೆ. ತುಟಿ ಜೋಮು ಹಿಡಿಯುತ್ತದೆ, ಅದುರುವ ಶಕ್ತಿ ಕಳೆದುಕೊಳ್ಳುತ್ತದೆ, ಆಮೇಲೆ ಮತ್ತಷ್ಟು ಒತ್ತಬೇಕಾಗುತ್ತದೆ. ಲೂಯಿ ಆರ್ಮ್‌ಸ್ಟ್ರಾಂಗ್‌ರಂಥ ಮಹಾನ್ ಜಾಝ್ ವಾದಕ ತುಟಿಯ ಗಾಯಗಳಿಂದ ವರ್ಷಗಟ್ಟಲೆ ನರಳಿದರು. ಊದುವವರ ತುಟಿ ಸುತ್ತಲಿನ ಸ್ನಾಯು ಹರಿಯುವ ತೊಂದರೆಗೆ ವೈದ್ಯರು ಆರ್ಮ್‌ಸ್ಟ್ರಾಂಗ್‌ರ ‘ಸ್ಯಾಚ್‌ಮೊ’ ಎಂಬ ಅಡ್ಡಹೆಸರನ್ನೇ ಇಟ್ಟಿದ್ದಾರೆ. ನುಡಿಸಿ ಮುಗಿಸಿ ಗಂಟೆಗಳಾದರೂ ಅಂಚಿನ ಗುರುತು ಮಾಸದಿದ್ದರೆ, ಮರುದಿನವೂ ತುಟಿ ಬಾತಿದ್ದರೆ, ಬದಲಾಗಬೇಕಾದ್ದು ಮೌತ್‌ಪೀಸ್ ಅಲ್ಲ, ಒತ್ತುವ ಅಭ್ಯಾಸ. ಬ್ಯಾಂಡ್ ನಡೆಸುವವರೇ, ಕರೆಸುವವರೇ, ದಯವಿಟ್ಟು ಆ ಹುಡುಗರಿಗೆ ಎರಡು ಹಾಡಿನ ನಡುವೆ ವಿಶ್ರಾಂತಿ ಕೊಡಿ. ಹಲಗಿ, ಡ್ರಮ್ಮು ಅಷ್ಟು ಹೊತ್ತು ಮೆರವಣಿಗೆಯನ್ನು ನಡೆಸಬಲ್ಲವು.

ಬೆಳ್ಳಿ, ಚಿನ್ನದ ಲೇಪಕ್ಕೆ ಹೆಚ್ಚು ದುಡ್ಡು ಕೊಟ್ಟರೆ ನಾದ ಹೆಚ್ಚುತ್ತದೆಯೇ? ಇಲ್ಲ. ಲೇಪ ತುಟಿಗೆ ತಿಳಿಯುವ ನುಣುಪನ್ನು ಬದಲಿಸುತ್ತದೆ. ಅದಕ್ಕಿಂತ ಗಮನಿಸಬೇಕಾದ್ದು ಲೇಪ ಸವೆದು ಒಳಗಿನ ಹಿತ್ತಾಳೆ ಕಂಡ ಅಂಚು. ಕೆಲವರ ಚರ್ಮಕ್ಕೆ ಅದರಿಂದ ಉರಿ, ಕೆಂಪು, ಕಡಿತ ಬರುತ್ತದೆ. ಅಂಥವರಿಗೆ ಒಳ್ಳೆಯ ಪ್ಲಾಸ್ಟಿಕ್ ಮೌತ್‌ಪೀಸ್ ಕೂಡ ಆಗಿಬರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅದು ಲೋಹದಷ್ಟು ಸುಡುವುದೂ ಇಲ್ಲ.

ಬಿಸಿಲೆಂದಾಗ ಇನ್ನೊಂದು ಮಾತು. ಬೇಸಿಗೆ ಮದುವೆಯಲ್ಲಿ ಟ್ರಂಪೆಟ್ ಕೀಬೋರ್ಡಿನ ಶ್ರುತಿಗಿಂತ ಮೇಲೇರಿ ನಿಂತರೆ ‘ಮೌತ್‌ಪೀಸ್ ಸರಿ ಇಲ್ಲ’ ಎಂದು ದೂರುವುದುಂಟು. ತಪ್ಪು ಗಾಳಿಯದು. 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುವ ಸದ್ದು 40 ಡಿಗ್ರಿಯಲ್ಲಿ ಸುಮಾರು 355 ಮೀಟರ್ ಓಡುತ್ತದೆ. ಕೊಳವೆಯೊಳಗಿನ ಗಾಳಿ ಪೂರ್ತಿ ಅಷ್ಟೇ ಕಾದರೆ ಶ್ರುತಿ ಅರ್ಧ ಸ್ವರದ ಅರ್ಧಕ್ಕಿಂತ ತುಸು ಹೆಚ್ಚೇ ಏರಬೇಕು. ಉಸಿರಿನಿಂದ ಒಳಗಾಳಿ ಮೊದಲೇ ಬೆಚ್ಚಗಿರುವುದರಿಂದ ನಿಜದಲ್ಲಿ ಅಷ್ಟು ಏರುವುದಿಲ್ಲ, ಆದರೆ ಕಿವಿಗೆ ಗೊತ್ತಾಗುವಷ್ಟು ಏರುತ್ತದೆ. ಟ್ಯೂನಿಂಗ್ ಸ್ಲೈಡನ್ನು ಕೊಂಚ ಹೊರಗೆಳೆದರೆ ಸರಿಹೋಗುತ್ತದೆ.

ನಮ್ಮ ಬ್ಯಾಂಡುಗಳಲ್ಲಿ ನಿಜಕ್ಕೂ ದನಿ ಕೆಡಿಸುವುದು ಬೇರೊಂದು ಸಂಗತಿ: ವಾದ್ಯಕ್ಕೆ ಹೊಂದದ ಮೌತ್‌ಪೀಸ್. ಬ್ಯಾಂಡ್ ವಾದ್ಯಗಳಿಗೆ ದೇಶದಲ್ಲೇ ಹೆಸರಾದ ಊರು ಉತ್ತರ ಪ್ರದೇಶದ ಮೀರತ್; ಅಲ್ಲಿನ ನಾದಿರ್ ಅಲಿ ಕಂಪನಿ ಶುರುವಾದದ್ದು 1885ರಲ್ಲಿ. ಇಂಥ ಕಂಪನಿಯಿಂದ ಬರುವ ಹೊಸ ವಾದ್ಯದ ಜೊತೆ ಅದಕ್ಕೆ ಹೊಂದುವ ಮೌತ್‌ಪೀಸ್ ಬರುತ್ತದೆ. ಆದರೆ ಕೈಯಿಂದ ಕೈಗೆ ದಾಟಿದ ಹಳೆಯ ವಾದ್ಯಗಳಲ್ಲಿ ಕಾರ್ನೆಟ್ಟಿನ ಮೌತ್‌ಪೀಸ್ ಟ್ರಂಪೆಟ್ಟಿಗೆ ಬಂದು ಕೂತಿರಬಹುದು. ಕಾರ್ನೆಟ್ಟಿನದರ ಬುಡ ಗಿಡ್ಡ, ತೆಳು. ಟ್ರಂಪೆಟ್ಟಿನಲ್ಲಿ ಅದು ಅಲ್ಲಾಡುತ್ತದೆ. ಕಾಗದ, ದಾರ ಸುತ್ತಿ ಗಟ್ಟಿ ಮಾಡಿದರೂ ಗಾಳಿ ಸೋರುತ್ತದೆ, ಒಳಗೆ ಇಳಿಯುವ ಆಳ ತಪ್ಪುತ್ತದೆ, ಸ್ವರಗಳ ನಡುವಿನ ಅಂತರ ಕೆಡುತ್ತದೆ. ದುಬಾರಿ ಮೌತ್‌ಪೀಸಿನ ಆಸೆಗಿಂತ ಮೊದಲು, ಇರುವುದು ಅಲುಗದೆ ಕೂತಿದೆಯೇ ಎಂದು ನೋಡಬೇಕು. ‘ಒಳಗಿನ ಕಿಟ್ಟ ದನಿಯನ್ನು ಪಳಗಿಸುತ್ತದೆ, ತೊಳೆಯಬಾರದು’ ಎಂಬ ಮಾತನ್ನೂ ಬಿಡಬೇಕು. ನಾಲ್ಕು ಮಿಲಿಮೀಟರಿಗಿಂತ ಕಿರಿದಾದ ಗಂಟಲಿನಲ್ಲಿ ತೆಳು ಕಿಟ್ಟವೂ ದಾರಿ ಕಟ್ಟುತ್ತದೆ. ಉಗುರುಬೆಚ್ಚಗಿನ ನೀರು, ಸಾಬೂನು, ಸಣ್ಣ ಬ್ರಷ್ ಸಾಕು. ಒಬ್ಬರದನ್ನು ಇನ್ನೊಬ್ಬರು ಬಾಯಿಗಿಡಲೇಬಾರದು; ತುಟಿಯ ಮೇಲಿನ ನೀರುಗುಳ್ಳೆ ಹಾಗೆಯೇ ಹರಡುತ್ತದೆ. ಮೌತ್‌ಪೀಸ್ ಒಳಗೆ ಸಿಕ್ಕಿಕೊಂಡರೆ ಇಕ್ಕಳ ಹಾಕಿ ತಿರುವಬೇಡಿ, ವಾದ್ಯದ ಬಾಯಿಕೊಳವೆ ತಿರುಚಿಕೊಳ್ಳುತ್ತದೆ. ರಿಪೇರಿಯವರ ಬಳಿ ಅದನ್ನು ಎಳೆಯುವ ಸಾಧನವೇ ಇರುತ್ತದೆ.

ಕೊಳ್ಳುವಾಗ ಏನು ಮಾಡಬೇಕು? ಕಲಿಯುವವರು ಬಾಕ್ 7ಸಿ ಅಥವಾ 5ಸಿ, ಯಮಾಹಾ 11ಬಿ4 ಅಂಥ ಮಧ್ಯಮ ಅಳತೆಯಿಂದ ಶುರುಮಾಡುವುದು ಕ್ಷೇಮ. ಹೆಸರಾಂತ ವಾದಕರೊಬ್ಬರ ನಂಬರು ಕೇಳಿಕೊಂಡು ಹೋಗುವುದರಲ್ಲಿ ಪ್ರಯೋಜನವಿಲ್ಲ, ಅವರ ಹಲ್ಲು ತುಟಿ ನಿಮಗಿಲ್ಲ. ಅಂಗಡಿಗೆ ನಿಮ್ಮದೇ ಟ್ರಂಪೆಟ್ ಒಯ್ಯಿರಿ. ಎರಡು ಮೂರು ಮೌತ್‌ಪೀಸ್ ಮಾತ್ರ ಆರಿಸಿ, ಜೊತೆಗೆ ಬಂದವರಿಗೆ ಅವುಗಳನ್ನು ಒಂದೊಂದಾಗಿ ಹಾಕಿಕೊಡಲು ಹೇಳಿ. ಯಾವುದು ಯಾವುದೆಂದು ನೋಡದೆ ಊದಿ. ಮೇಲಿನ ಸ್ವರದಿಂದ ಪರೀಕ್ಷೆ ಶುರುಮಾಡಬೇಡಿ. ಅಂಗಡಿಯ ಹುಮ್ಮಸ್ಸಿನಲ್ಲಿ ಎಲ್ಲದರಲ್ಲೂ ಒಂದೆರಡು ಸ್ವರ ಹೆಚ್ಚೇ ಬರುತ್ತವೆ. ನಡುವಿನ ಸ್ಥಾಯಿಯ ಒಂದು ಸ್ವರವನ್ನು ಆದಷ್ಟು ಮೆಲ್ಲಗೆ ಎತ್ತಿ, ನಾಲಗೆ ತಾಗಿದ ಕೂಡಲೇ ಸ್ವರ ಮೂಡಿತೋ ಇಲ್ಲವೋ ಗಮನಿಸಿ. ಆಮೇಲೆ ಕೆಳಗಿನ ಸ್ವರಗಳನ್ನು ಉದ್ದಕ್ಕೆ ಹಿಡಿಯಿರಿ. ಇಪ್ಪತ್ತು ನಿಮಿಷ ನುಡಿಸಿ ತುಟಿ ದಣಿದ ಮೇಲೂ ದನಿ ಕಡಿಯದೆ ನಿಂತದ್ದು ಯಾವುದೋ ಅದನ್ನು ಕೊಳ್ಳಿ. ತಂದ ಮೇಲೆ ಕೆಲವು ವಾರ ಅದನ್ನೇ ಊದಿ, ನಡುವೆ ಹಳೆಯದಕ್ಕೆ ಹೋಗಬೇಡಿ. ಹೊಸ ಅಂಚಿಗೆ ಸ್ನಾಯು ಹೊಂದಿಕೊಳ್ಳಲು ಅಷ್ಟು ಕಾಲ ಬೇಕು. ಆದ್ದರಿಂದ ಹಂಗಾಮು ನಡೆದಿರುವಾಗ ಮೌತ್‌ಪೀಸ್ ಬದಲಿಸಬಾರದು, ಮಳೆಗಾಲದಲ್ಲಿ ಕೆಲಸ ಕಡಿಮೆ ಇದ್ದಾಗ ಬದಲಿಸಬೇಕು.