ವರ್ತಕ ಸಂಘಗಳು ಕಟ್ಟಿದ ಟಾಲಿನ್: ಸಂಸ್ಕೃತಿಯೇ ಬಂಡವಾಳವಾದ ಪುಟ್ಟ ರಾಜಧಾನಿ

ಫಿನ್ಲೆಂಡ್ ಕೊಲ್ಲಿಯ ದಕ್ಷಿಣ ದಡದಲ್ಲಿರುವ ಟಾಲಿನ್, ಎಸ್ಟೋನಿಯಾ ಗಣರಾಜ್ಯದ ರಾಜಧಾನಿ. ನಗರದ ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷ. ಇಡೀ ದೇಶದ ಜನಸಂಖ್ಯೆಯೇ ಹದಿನಾಲ್ಕು ಲಕ್ಷವನ್ನು ಮುಟ್ಟುವುದಿಲ್ಲ. ಗಾತ್ರದಲ್ಲಿ ಇಷ್ಟು ಚಿಕ್ಕದಾದರೂ ಯೂರೋಪಿನ ಸಾಂಸ್ಕೃತಿಕ ಭೂಪಟದಲ್ಲಿ ಈ ನಗರಕ್ಕೆ ವಿಶಿಷ್ಟ ಸ್ಥಾನವಿದೆ. ವಾಣಿಜ್ಯ ಕ್ಷೇತ್ರದವರ ದೃಷ್ಟಿಯಿಂದ ಇದರ ಮಹತ್ವ ಇನ್ನೂ ಹೆಚ್ಚು. ಏಕೆಂದರೆ ಪ್ರವಾಸಿಗರು ಇಲ್ಲಿ ನೋಡಬಯಸುವ ಕಟ್ಟಡಗಳಲ್ಲಿ ಹಲವು ಅರಸರು ಕಟ್ಟಿಸಿದವಲ್ಲ. ವರ್ತಕರೂ ಕುಶಲಕರ್ಮಿಗಳೂ ತಮ್ಮ ಸಂಘಗಳ ಮೂಲಕ ಕಟ್ಟಿಸಿದವು.

ಉಪ್ಪಿನ ವ್ಯಾಪಾರದಿಂದ ಬಂದ ಸಿರಿ

ಹಿಂದೆ ರೆವಾಲ್ ಎಂದು ಕರೆಯಲ್ಪಡುತ್ತಿದ್ದ ಈ ಊರು 1248ರಲ್ಲಿ ಜರ್ಮನಿಯ ಲ್ಯೂಬೆಕ್ ನಗರದ ಕಾನೂನನ್ನು ಪಡೆದುಕೊಂಡಿತು. ಅನಂತರ ಉತ್ತರ ಯೂರೋಪಿನ ವ್ಯಾಪಾರಿ ನಗರಗಳ ಒಕ್ಕೂಟವಾದ ಹಾನ್ಸಾದ ಸದಸ್ಯನಾಯಿತು. ಪಶ್ಚಿಮದಿಂದ ಉಪ್ಪು, ಬಟ್ಟೆ ಮತ್ತು ಮೀನು ಬರುತ್ತಿದ್ದವು. ಪೂರ್ವದಿಂದ ಧಾನ್ಯ, ತುಪ್ಪುಳುಚರ್ಮ ಮತ್ತು ಮೇಣ ಹೋಗುತ್ತಿದ್ದವು. ಟಾಲಿನ್ ಉಪ್ಪಿನ ಮೇಲೆ ಕಟ್ಟಿದ ಊರು ಎಂಬ ಮಾತು ಅಲ್ಲಿ ಇಂದಿಗೂ ಪ್ರಚಲಿತದಲ್ಲಿದೆ.

ವ್ಯಾಪಾರದ ಲಾಭ ಕಲ್ಲಿನ ಕಟ್ಟಡಗಳ ರೂಪ ತಾಳಿತು. ಮಹಾಸಂಘ ಎಂದು ಕರೆಯಬಹುದಾದ ‘ಗ್ರೇಟ್ ಗಿಲ್ಡ್’ ನಗರದ ಪ್ರಮುಖ ವರ್ತಕರ ಸಂಸ್ಥೆಯಾಗಿತ್ತು. ವಿವಾಹಿತರಾದ ವರ್ತಕರಿಗೆ ಮಾತ್ರ ಇದರಲ್ಲಿ ಪ್ರವೇಶವಿತ್ತು. ನಗರಸಭೆಯ ಸದಸ್ಯರು ಬಹುಪಾಲು ಇವರೊಳಗಿನಿಂದಲೇ ಆಯ್ಕೆಯಾಗುತ್ತಿದ್ದರು. ಅವಿವಾಹಿತ ಯುವ ವರ್ತಕರಿಗೆ ‘ಬ್ಲ್ಯಾಕ್‌ಹೆಡ್ಸ್’ ಎಂಬ ಪ್ರತ್ಯೇಕ ಬಳಗವಿತ್ತು. ಅಕ್ಕಸಾಲಿಗರು, ಬೇಕರಿಯವರು, ಚಮ್ಮಾರರು ಮುಂತಾದ ಕಸುಬುದಾರರಿಗೆ ತಮ್ಮವೇ ಸಂಘಗಳಿದ್ದವು. 1410ರಲ್ಲಿ ಪೂರ್ಣಗೊಂಡ ಮಹಾಸಂಘದ ಭವನದಲ್ಲಿ ಈಗ ಎಸ್ಟೋನಿಯಾದ ಇತಿಹಾಸ ವಸ್ತುಸಂಗ್ರಹಾಲಯವಿದೆ. ಬ್ಲ್ಯಾಕ್‌ಹೆಡ್ಸ್ ಭವನದಲ್ಲಿ ಸಂಗೀತ ಕಛೇರಿಗಳು ನಡೆಯುತ್ತವೆ. ನಗರಸಭಾ ಭವನ 1404ರದು. ಅದರ ಎದುರಿನ ಔಷಧಾಲಯದ ಉಲ್ಲೇಖ 1422ರ ದಾಖಲೆಯಲ್ಲಿಯೇ ದೊರೆಯುತ್ತದೆ. ಅಲ್ಲಿ ಇಂದಿಗೂ ಔಷಧ ಮಾರಾಟ ನಡೆದಿದೆ.

ಹದಿನಾರನೆಯ ಶತಮಾನದ ಯುದ್ಧಗಳಿಂದ ವ್ಯಾಪಾರ ಕುಗ್ಗಿತು. ನಗರ ಮೊದಲು ಸ್ವೀಡನ್ನಿನ, 1710ರಿಂದ ರಷ್ಯಾದ ಆಳ್ವಿಕೆಗೆ ಒಳಪಟ್ಟಿತು. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವಷ್ಟು ಹಣ ಬಹುಕಾಲ ಇಲ್ಲದಿದ್ದುದೂ ಮಧ್ಯಯುಗದ ಬೀದಿಗಳು ಉಳಿಯಲು ಒಂದು ಕಾರಣವಾಯಿತು. 1944ರ ಮಾರ್ಚ್ 9ರ ಸೋವಿಯತ್ ಬಾಂಬ್ ದಾಳಿಯಲ್ಲಿ ನಗರದ ಒಂದು ಭಾಗ ನಾಶವಾದರೂ ಹಳೆಯ ಪಟ್ಟಣ ಬಹುಮಟ್ಟಿಗೆ ಉಳಿದುಕೊಂಡಿತು. 1997ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಗೀತೋತ್ಸವದ ಶಕ್ತಿ

ಟಾಲಿನ್ನಿನ ಅತಿ ದೊಡ್ಡ ಸಾಂಸ್ಕೃತಿಕ ಕಾರ್ಯಕ್ರಮವೆಂದರೆ ಸಾಮಾನ್ಯವಾಗಿ ಐದು ವರ್ಷಗಳಿಗೊಮ್ಮೆ ನಡೆಯುವ ಗೀತೋತ್ಸವ. 1869ರಲ್ಲಿ ಟಾರ್ಟು ನಗರದಲ್ಲಿ ಆರಂಭವಾದ ಈ ಸಂಪ್ರದಾಯದಲ್ಲಿ ಇಂದು ಸಾವಿರಾರು ಮಂದಿ ಏಕಕಂಠದಿಂದ ಹಾಡುತ್ತಾರೆ. ಇದಕ್ಕೆಂದೇ 1960ರಲ್ಲಿ ಕಮಾನಿನಾಕಾರದ ಬೃಹತ್ ವೇದಿಕೆಯನ್ನು ನಿರ್ಮಿಸಲಾಯಿತು. 1988ರ ಸೆಪ್ಟೆಂಬರ್‌ನಲ್ಲಿ ಇದೇ ಮೈದಾನದಲ್ಲಿ ಲಕ್ಷಾಂತರ ಜನ ಸೇರಿ ಹಾಡುತ್ತಲೇ ಸ್ವಾತಂತ್ರ್ಯದ ಬೇಡಿಕೆಯನ್ನು ಮುಂದಿಟ್ಟರು. 1991ರ ಆಗಸ್ಟ್ 20ರಂದು ದೇಶ ತನ್ನ ಸ್ವಾತಂತ್ರ್ಯವನ್ನು ಮರಳಿ ಘೋಷಿಸಿತು. ಈ ಹೋರಾಟಕ್ಕೆ ‘ಹಾಡುವ ಕ್ರಾಂತಿ’ ಎಂಬ ಹೆಸರೇ ನಿಂತಿತು. ಇತ್ತೀಚಿನ ಗೀತೋತ್ಸವ 2025ರ ಜುಲೈನಲ್ಲಿ ನಡೆಯಿತು.

ವರ್ಷದ ಉಳಿದ ದಿನಗಳಲ್ಲಿಯೂ ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. ಏಪ್ರಿಲ್‌ನಲ್ಲಿ ‘ಜಾಝ್‌ಕಾರ್’ ಜಾಝ್ ಸಂಗೀತೋತ್ಸವ, ನವೆಂಬರ್‌ನಲ್ಲಿ ‘ಬ್ಲ್ಯಾಕ್ ನೈಟ್ಸ್’ ಚಲನಚಿತ್ರೋತ್ಸವ, ಚಳಿಗಾಲದಲ್ಲಿ ನಗರಸಭಾ ಚೌಕದ ಕ್ರಿಸ್‌ಮಸ್ ಸಂತೆ ಪ್ರಸಿದ್ಧವಾಗಿವೆ. ಪೀಟರ್ ಚಕ್ರವರ್ತಿ 1718ರಲ್ಲಿ ಕಟ್ಟಿಸತೊಡಗಿದ ಕಾಡ್ರಿಯೋರ್ಗ್ ಅರಮನೆಯ ಸಮೀಪದಲ್ಲಿ 2006ರಲ್ಲಿ ತೆರೆದ ‘ಕುಮು’ ಕಲಾ ಸಂಗ್ರಹಾಲಯ, 2008ರಲ್ಲಿ ವರ್ಷದ ಯೂರೋಪಿಯನ್ ವಸ್ತುಸಂಗ್ರಹಾಲಯ ಪ್ರಶಸ್ತಿಗೆ ಪಾತ್ರವಾಯಿತು. 2011ರಲ್ಲಿ ಟಾಲಿನ್, ಫಿನ್ಲೆಂಡಿನ ತುರ್ಕು ನಗರದೊಡನೆ ಯೂರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿತ್ತು.

ಹಳೆಯ ಕಾರ್ಖಾನೆಗಳಿಗೆ ಹೊಸ ಜೀವ

ಸಣ್ಣ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದುದು ನಿರುಪಯುಕ್ತವಾಗಿದ್ದ ಕೈಗಾರಿಕಾ ಕಟ್ಟಡಗಳ ಮರುಬಳಕೆ. ಹಿಂದೆ ರೈಲ್ವೆ ಕಾರ್ಖಾನೆಯಾಗಿದ್ದ ಟೆಲಿಸ್ಕಿವಿ ಆವರಣದಲ್ಲಿ ಈಗ ವಿನ್ಯಾಸಕಾರರ ಅಂಗಡಿಗಳು, ರಂಗಮಂದಿರ ಮತ್ತು ಕಚೇರಿಗಳಿವೆ. ಒಂದು ಕಾಲದ ಹಿಟ್ಟಿನ ಗಿರಣಿಗಳ ರೋಟರ್ಮನ್ ಬಡಾವಣೆ ವ್ಯಾಪಾರ ಕೇಂದ್ರವಾಗಿದೆ. ಮೊದಲ ಮಹಾಯುದ್ಧದ ಕಾಲದ ಸಮುದ್ರ ವಿಮಾನಗಳ ಕಾಂಕ್ರೀಟ್ ಕಟ್ಟಡ 2012ರಲ್ಲಿ ನೌಕಾ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು. 1936ರ ಜಲಾಂತರ್ಗಾಮಿ ‘ಲೆಂಬಿಟ್’ ಇಲ್ಲಿನ ಮುಖ್ಯ ಆಕರ್ಷಣೆ. ಹಳೆಯ ಪಟ್ಟಣದ ಕ್ಯಾಥರೀನ್ ಓಣಿಯಲ್ಲಿ ಗಾಜು, ಚರ್ಮ, ಪಿಂಗಾಣಿಯ ಕುಶಲಕರ್ಮಿಗಳು ಗಿರಾಕಿಯ ಕಣ್ಣೆದುರಿನಲ್ಲಿಯೇ ಕೆಲಸ ಮಾಡುತ್ತಾರೆ. ಸರಕಿನ ಬೆಲೆಯೊಡನೆ ಅದನ್ನು ಮಾಡಿದ ಕೈಯ ಪರಿಚಯವೂ ಗಿರಾಕಿಗೆ ದೊರೆಯುವುದು ಇಲ್ಲಿನ ಮಾರಾಟದ ಗುಟ್ಟು.

ಎಚ್ಚರಿಕೆಯ ಪಾಠ

ಆದರೆ ಪ್ರವಾಸಿಗರನ್ನೇ ನೆಚ್ಚಿದ ವ್ಯಾಪಾರಕ್ಕೆ ತನ್ನದೇ ಆದ ಅಪಾಯಗಳಿವೆ. 2019ರಲ್ಲಿ ಟಾಲಿನ್ ಬಂದರು ಸಂಸ್ಥೆಯ ಮೂಲಕ ಒಂದು ಕೋಟಿಗೂ ಹೆಚ್ಚು ಪ್ರಯಾಣಿಕರು ಸಂಚರಿಸಿದ್ದರು. 2020ರಲ್ಲಿ ಕೊರೊನಾ ಈ ಸಂಚಾರವನ್ನು ಕುಗ್ಗಿಸಿತು. 2022ರಲ್ಲಿ ಉಕ್ರೇನ್ ಯುದ್ಧ ಉಲ್ಬಣಿಸಿದ ಮೇಲೆ ವಿಹಾರ ನೌಕೆಗಳು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗುವುದನ್ನು ನಿಲ್ಲಿಸಿದವು. ಅದೇ ಮಾರ್ಗದಲ್ಲಿದ್ದ ಟಾಲಿನ್ನಿಗೂ ಅದರ ಪೆಟ್ಟು ತಗುಲಿತು. ಹಳೆಯ ಪಟ್ಟಣದಲ್ಲಿ ಅಂಬರ್ ಆಭರಣ, ರಷ್ಯನ್ ಮರದ ಗೊಂಬೆಗಳಂಥ ಎಲ್ಲಿ ಬೇಕಾದರೂ ಸಿಗುವ ಸರಕನ್ನು ಮಾರುವ ಅಂಗಡಿಗಳು ಹೆಚ್ಚಿದರೆ ಊರಿನ ವಿಶಿಷ್ಟತೆಯೇ ಮಾಸುತ್ತದೆ. ಖಾಯಂ ನಿವಾಸಿಗಳು ಅಲ್ಲಿಂದ ಹೊರಹೋದರೆ ನಿತ್ಯದ ಅಂಗಡಿಗಳಿಗೂ ಗಿರಾಕಿ ಇರುವುದಿಲ್ಲ. ಸ್ಥಳೀಯ ಕಸುಬನ್ನೂ ಸ್ಥಳೀಯ ಗಿರಾಕಿಯನ್ನೂ ಉಳಿಸಿಕೊಂಡ ಬಡಾವಣೆಗೆ ಹಡಗು ಬಾರದ ವರ್ಷದಲ್ಲಿಯೂ ಒಂದಿಷ್ಟು ಆಧಾರವಿರುತ್ತದೆ.

ಹೋಗಬಯಸುವವರಿಗೆ

ಎಸ್ಟೋನಿಯಾ 2004ರಿಂದ ಯೂರೋಪಿಯನ್ ಒಕ್ಕೂಟದ ಸದಸ್ಯ. ಚಲಾವಣೆಯ ನಾಣ್ಯ 2011ರಿಂದ ಯೂರೋ. ಭಾರತೀಯರಿಗೆ ಷೆಂಗೆನ್ ವೀಸಾ ಅಗತ್ಯ. ಹೆಲ್ಸಿಂಕಿಯಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆಗಳ ಪ್ರಯಾಣ. ವಿದೇಶೀಯರು ಅಂತರಜಾಲದ ಮೂಲಕವೇ ಅಲ್ಲಿ ಕಂಪನಿ ಸ್ಥಾಪಿಸಿ ನಡೆಸಲು ಅನುವಾಗುವ ‘ಇ-ರೆಸಿಡೆನ್ಸಿ’ ಯೋಜನೆ 2014ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಆದರೆ ಇದು ವೀಸಾ ಅಲ್ಲ, ದೇಶದಲ್ಲಿ ನೆಲೆಸುವ ಹಕ್ಕನ್ನೂ ಕೊಡುವುದಿಲ್ಲ ಎಂಬುದನ್ನು ಅರ್ಜಿ ಸಲ್ಲಿಸುವ ಮೊದಲೇ ತಿಳಿದಿರುವುದು ಒಳಿತು. ವ್ಯವಹಾರಕ್ಕಾಗಿ ಹೋದವರು ಮಹಾಸಂಘದ ಭವನಕ್ಕೆ ಅರ್ಧ ದಿನವನ್ನು ಮೀಸಲಿಟ್ಟರೆ, ಆರುನೂರು ವರ್ಷಗಳ ಹಿಂದೆ ವರ್ತಕರ ಸಂಘವೊಂದು ತನ್ನ ಊರಿಗಾಗಿ ಏನನ್ನು ಕಟ್ಟಿಟ್ಟಿತೆಂಬುದನ್ನು ಪ್ರತ್ಯಕ್ಷವಾಗಿ ಕಾಣಬಹುದು.