ಅಲ್ಪವಿರಾಮದ ಅಪರಾಧ

ಹಳಗನ್ನಡದ ತರಗತಿಯಲ್ಲಿ ಪದ್ಯವೊಂದನ್ನು ಎತ್ತಿಕೊಂಡೊಡನೆ ನಾವು ಮಾಡುವ ಮೊದಲ ಕೆಲಸ ಪದಚ್ಛೇದ. ಒಡೆಯಬೇಕಾದಲ್ಲಿ ಒಡೆಯದಿದ್ದರೆ ಅರ್ಥವಾಗದು; ಒಡೆಯಬಾರದ ಕಡೆ ಒಡೆದರೆ ಅನರ್ಥವಾಗುವುದು. ಇಪ್ಪತ್ತು ವರ್ಷಗಳಿಂದ ಈ ಮಾತನ್ನು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದ ನನಗೇ ಅದೇ ಪಾಠವನ್ನು ಯಂತ್ರವೊಂದು ಹೇಳಿಕೊಡಬೇಕಾಗಿ ಬಂದಿತು.

ನಾಲ್ಕು ವರ್ಷಗಳ ಹಿಂದೆ ನಮ್ಮ ಗುರುಗಳಿಗೆ ಎಪ್ಪತ್ತೈದು ತುಂಬಿದಾಗ ಹಳೆಯ ಶಿಷ್ಯರೆಲ್ಲ ಸೇರಿ ಒಂದು ಸಣ್ಣ ಸಮಾರಂಭ ಏರ್ಪಡಿಸಿದೆವು. ಆಹ್ವಾನವನ್ನು ಈಮೇಲಿನಲ್ಲಿ ಕಳಿಸುವ ಹೊಣೆ ನನ್ನದು. ಅರವತ್ತು ವಿಳಾಸಗಳನ್ನು ಅವರವರು ಬರೆದುಕೊಟ್ಟಂತೆಯೇ ಪಟ್ಟಿಮಾಡಿ, ಒಂದು ತಂತ್ರಾಂಶಕ್ಕೆ ಒಪ್ಪಿಸಿ, ನಿಶ್ಚಿಂತನಾಗಿ ನಿದ್ದೆಹೋದೆ. ಸಮಾರಂಭದ ದಿನ ಗುರುಗಳು ಸಭೆಯ ಮೇಲೆಲ್ಲ ಕಣ್ಣಾಡಿಸಿ, "ಶಿವಮೊಗ್ಗೆಯವನು ಬರಲಿಲ್ಲವೇನಯ್ಯಾ?" ಎಂದು ಕೇಳಿದರು. ಅವನು ನನ್ನ ಸಹಪಾಠಿ. ಗುರುಗಳ ಮನೆಯ ಜಗಲಿಯಲ್ಲೇ ಓದಿ ಎಂ.ಎ. ಮಾಡಿದವನು. ಬಿಡುವಾಗಲಿಲ್ಲವೇನೋ ಎಂದು ನಾನೇ ಉತ್ತರ ಹೇಳಿದೆ. ಆ ಕಾರ್ತಿಕದಲ್ಲಿ ಗುರುಗಳು ತೀರಿಕೊಂಡರು. ಅಲ್ಲಿಗೆ ಬಂದಿದ್ದ ಗೆಳೆಯ ನನ್ನೊಡನೆ ಮಾತನಾಡಲಿಲ್ಲ. ಅವನಿಗೆ ಆಹ್ವಾನ ಮುಟ್ಟಿಯೇ ಇರಲಿಲ್ಲವೆಂದು ಇನ್ನೊಬ್ಬರ ಬಾಯಿಂದ ತಿಳಿಯಿತು.

ವಿಳಾಸ ಸರಿಯಾಗಿಯೇ ಇತ್ತು. ಹಾಗಾದರೆ ಕಾಗದ ಹೋದದ್ದೆಲ್ಲಿಗೆ? ನಮ್ಮ ಕಾಲೇಜಿನ ಗಣಕವಿಜ್ಞಾನದ ತರುಣ ಅಧ್ಯಾಪಕರೊಬ್ಬರನ್ನು ಕೇಳಿದೆ. ಅವರು ಕಪ್ಪು ತೆರೆಯೊಂದನ್ನು ತೆರೆದು, "ಎಪಿ ಅಂತ ಒಂದು ಪುಟ್ಟ ಪ್ರೋಗ್ರಾಂ ಇದೆ ಸಾರ್, ಅದನ್ನೇ ಕೇಳೋಣ" ಎಂದರು.

ಎಂಎಚ್ ಎಂಬ ಅಂಚೆವ್ಯವಸ್ಥೆ 1970ರ ದಶಕದ ಕೊನೆಯಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಹುಟ್ಟಿದ್ದು. ಒಂದೇ ಬೃಹತ್ ಯಂತ್ರಾಂಗವಾಗದೆ, ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಉಪಕರಣವೆಂಬುದು ಅದರ ರೀತಿ. ಬಡಗಿಯ ಚೀಲದಂತೆ ಎನ್ನಬಹುದು. ಅದರ ಈಗಿನ ಪೀಳಿಗೆಯಾದ ಎನ್‌ಎಂಎಚ್‌ನಲ್ಲಿ ಈ ಎಪಿ ಇದೆ. ಅದು ಕಾಗದ ಕಳಿಸುವುದಿಲ್ಲ, ತರುವುದೂ ಇಲ್ಲ. ವಿಳಾಸವನ್ನು ಕೊಟ್ಟರೆ ಬಿಡಿಸಿ ನೋಡಿ, ಶಾಸ್ತ್ರೋಕ್ತ ರೂಪದಲ್ಲಿ ಬರೆದು ತೋರಿಸುತ್ತದೆ, ತಪ್ಪಿದ್ದರೆ ತಪ್ಪೆನ್ನುತ್ತದೆ. ಬೇಕೆಂದರೆ ಹೆಸರನ್ನಷ್ಟೇ, ಊರನ್ನಷ್ಟೇ ಬೇರ್ಪಡಿಸಿ ಕೊಡುವುದೂ ಉಂಟು. ಪದಚ್ಛೇದವಲ್ಲದೆ ಮತ್ತೇನು?

ಈ ಶಾಸ್ತ್ರಕ್ಕೂ ಒಂದು ಸೂತ್ರಗ್ರಂಥವಿದೆ. 1982ರಲ್ಲಿ ಡೇವಿಡ್ ಕ್ರಾಕರ್ ಬರೆದ ಆರ್‌ಎಫ್‌ಸಿ 822 ಅದು. ಅದನ್ನು 2001ರಲ್ಲಿಯೂ 2008ರಲ್ಲಿಯೂ ಪರಿಷ್ಕರಿಸಿದರು. ಅದರ ಪ್ರಕಾರ ಮೊದಲು ವ್ಯಕ್ತಿಯ ಹೆಸರು ಬರಬಹುದು, ಬಳಿಕ ಮೊನೆಯಾದ ಕಂಸಗಳ ನಡುವೆ ನಿಜವಾದ ವಿಳಾಸ. ಆ ವಿಳಾಸದ ನಡುವಿನ @ ಚಿಹ್ನೆಯನ್ನು 1971ರಲ್ಲಿ ಈ ಕೆಲಸಕ್ಕೆ ಹಚ್ಚಿದವರು ರೇ ಟಾಮ್ಲಿನ್‌ಸನ್. ಯಾರ ಹೆಸರಿನಲ್ಲಿಯೂ ಬಾರದ, ಆದರೆ 'ಇಂಥಲ್ಲಿ' ಎಂಬ ಅರ್ಥ ಕೊಡುವ ಗುರುತು ಅವರಿಗೆ ಬೇಕಾಗಿತ್ತು. ವ್ಯಾಕರಣದ ಮೇಷ್ಟರಾದ ನಮಗೆ ಇದು ಹಳೆಯ ಪರಿಚಯವೇ. ಅದು ಸಪ್ತಮೀ ವಿಭಕ್ತಿ!

ಗೆಳೆಯನ ಸಾಲನ್ನು ನಾನೇ ಬೆರಳಚ್ಚಿಸಿದೆ. ಯಂತ್ರ ಕೂಡಲೇ 'ವಾಕ್ಯರಚನಾ ದೋಷ' ಎಂದು ಇಂಗ್ಲಿಷಿನಲ್ಲಿ ಗದರಿತು. ಕನ್ನಡ ಎಂ.ಎ. ಮಾಡಿದವನಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ? ತರುಣ ಮಿತ್ರರು ನಕ್ಕರು. ಗದರಿದ್ದು ಎಪಿ ಅಲ್ಲವಂತೆ. ಅಪ್ಪಣೆಯನ್ನು ಮೊದಲು ಓದುವುದು ಶೆಲ್ ಎಂಬ ದ್ವಾರಪಾಲಕ. ಅದರ ಭಾಷೆಯಲ್ಲಿ ಮೊನೆಯಾದ ಕಂಸವೆಂದರೆ 'ಈ ಕಡತದಿಂದ ಓದು', 'ಆ ಕಡತಕ್ಕೆ ಬರೆ' ಎಂದರ್ಥ. ಆದ್ದರಿಂದ ಇಡೀ ವಿಳಾಸವನ್ನು ಉದ್ಧರಣ ಚಿಹ್ನೆಯೊಳಗಿಟ್ಟು ದ್ವಾರಪಾಲಕನ ಕಣ್ಣು ತಪ್ಪಿಸಿ ಒಳಗೆ ಸಾಗಿಸಬೇಕು. ಹಾಗೆಯೇ ಮಾಡಿದೆವು.

ಒಂದು ಸಾಲು ಕೊಟ್ಟದ್ದಕ್ಕೆ ಎರಡು ಹೊರಬಿದ್ದವು. ಮೊದಲನೆಯದು ಗೆಳೆಯನ ಹೆಸರು. ಅದರಲ್ಲಿ @ ಇಲ್ಲವೆಂಬ ಆಕ್ಷೇಪಣೆಯೊಂದಿಗೆ. ಎರಡನೆಯದರಲ್ಲಿ ವಿಳಾಸ ಸರಿಯಾಗಿತ್ತು. ಆದರೆ ಅದರ ಒಡೆಯ 'ಎಂ.ಎ.' ಎಂಬ ಯಾರೋ ಮಹನೀಯ! ಗೆಳೆಯ ತನ್ನ ಹೆಸರಿನ ಮುಂದೆ ಅಲ್ಪವಿರಾಮ ಹಾಕಿ ಪದವಿಯನ್ನು ಬರೆದಿದ್ದ. ವಿಳಾಸಶಾಸ್ತ್ರದಲ್ಲಿ ಅಲ್ಪವಿರಾಮವೆಂದರೆ ಒಬ್ಬ ವ್ಯಕ್ತಿ ಮುಗಿದು ಮತ್ತೊಬ್ಬ ತೊಡಗಿದನೆಂದು ಅರ್ಥ. ನಾನು ನಂಬಿದ್ದ ತಂತ್ರಾಂಶ ಒಂದು ತುಂಡಿನ ದೋಷಕ್ಕಾಗಿ ಇಡೀ ಸಾಲನ್ನೇ ಬಿಟ್ಟು, ಬಿಟ್ಟೆನೆಂದು ಹೇಳದೆ ಮುಂದೆ ನಡೆದಿತ್ತು. ತಪ್ಪನ್ನು ತಪ್ಪೆಂದು ಬಾಯಿಬಿಟ್ಟು ಹೇಳುವ ಈ ಒರಟು ಎಪಿಯೇ ಎಷ್ಟೋ ಮೇಲೆನಿಸಿತು.

ಪಟ್ಟಿಯ ಉಳಿದವರನ್ನೂ ಅದರ ಮುಂದೆ ನಿಲ್ಲಿಸಿದೆವು. ಊರಿನ, ತಂದೆಯ ಹೆಸರುಗಳನ್ನು ಇನಿಶಿಯಲ್ಲಾಗಿ ಹೊತ್ತ ನಮ್ಮವರೆಲ್ಲ ಚುಕ್ಕಿಗಳಿಗಾಗಿ ಸಿಕ್ಕಿಬಿದ್ದರು. 1982ರ ಸೂತ್ರದಂತೆ, ಉದ್ಧರಣ ಚಿಹ್ನೆಯಿಲ್ಲದೆ ಹೆಸರಿನಲ್ಲಿ ಚುಕ್ಕಿಯಿಡುವುದೇ ಅಪಶಬ್ದ. ಲೋಕರೂಢಿಗೆ ಮಣಿದು 2001ರ ಪರಿಷ್ಕರಣವು, ಅಂಥದು ಬಂದರೆ ಸ್ವೀಕರಿಸಿ, ನೀವಾಗಿ ಮಾತ್ರ ಬರೆಯಬೇಡಿ ಎಂದಿತು. ಪ್ರಯೋಗಶರಣರಾದ ವೈಯಾಕರಣರು ಅಲ್ಲಿಯೂ ಇದ್ದಾರೆಂದು ಸಂತೋಷವಾಯಿತು. ಎಪಿ ಜಗಳವಾಡದೆ ಅವರ ಹೆಸರುಗಳಿಗೆಲ್ಲ ಉದ್ಧರಣ ಚಿಹ್ನೆ ತೊಡಿಸಿ ಹಿಂತಿರುಗಿಸಿತು.

ಕನ್ನಡ ಲಿಪಿಯ ಹೆಸರುಗಳದು ಬೇರೆಯೇ ಕಥೆ. ಅವನ್ನು ಇಂಗ್ಲಿಷ್ ಅಕ್ಷರಗಳ ಮುಸುಕಿನಲ್ಲಿ ಸಾಗಿಸುವ ಕ್ರಮ 1996ರಲ್ಲೇ ಇತ್ತು. 2012ರಿಂದ ವಿಳಾಸವನ್ನೇ ಕನ್ನಡದಲ್ಲಿ ಬರೆಯಲು ಶಾಸ್ತ್ರಸಮ್ಮತಿ ಇದೆ. ಆದರೆ ಸಪ್ತಮಿಯ ಹಿಂದಿನ ಭಾಗಕ್ಕೆ ಅರವತ್ತನಾಲ್ಕು ಬೈಟುಗಳ ಮಿತಿ. ನಾವು ಒಂದೇ ಅಕ್ಷರವೆಂದು ಬರೆಯುವ 'ಕ್ಷ' ಅಲ್ಲಿ ಒಂಬತ್ತು ಬೈಟು ನುಂಗುತ್ತದೆ.

ಆ ರಾತ್ರಿಯೇ ಗೆಳೆಯನಿಗೆ ದೂರವಾಣಿ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಬಹಳ ಹೊತ್ತು ಅವನು ಮಾತಾಡಲಿಲ್ಲ. "ಗುರುಗಳು ನನ್ನನ್ನು ಕೇಳಿದರೇನೋ?" ಎಂದ. ಕೇಳಿದರೆಂದೆ, ನಾನು ಕೊಟ್ಟ ಉತ್ತರವನ್ನೂ ಮುಚ್ಚಿಡಲಿಲ್ಲ. ಮತ್ತೆ ಮೌನ. ಕೊನೆಗೆ, ಇನ್ನು ಮುಂದೆ ಆ ಅಲ್ಪವಿರಾಮವನ್ನೂ ಎಂ.ಎ.ಯನ್ನೂ ಪಟ್ಟಿಯಿಂದ ತೆಗೆದುಬಿಡಲೇ ಎಂದು ಕೇಳಿದೆ.

"ಅದು ಅವರು ಓದಿಸಿ ಬಂದದ್ದು ಮಾರಾಯ. ತೆಗೀಬೇಡ. ಆ ಚಿಹ್ನೆ ಎಂಥದೋ ಹೇಳಿದೆಯಲ್ಲ, ಅದನ್ನೇ ಹಾಕು."

ಹಾಕಿದೆ. ಎಪಿ ಈ ಸಲ ಒಂದೇ ಸಾಲು ಕೊಟ್ಟಿತು. ಗುರುಗಳ ಸಂಸ್ಮರಣ ಸಂಪುಟಕ್ಕೆ ಲೇಖನ ಬೇಡಿ ಅದೇ ವಿಳಾಸಕ್ಕೆ ಬರೆದೆ. ಜಗಲಿಯ ಆ ದಿನಗಳ ಮೇಲೆ ಹನ್ನೊಂದು ಪುಟ ಬರೆದು ಕಳಿಸಿದ್ದಾನೆ. ಕೊನೆಯಲ್ಲಿ ಹೆಸರು, ಅಲ್ಪವಿರಾಮ, ಎಂ.ಎ.